ಹಿಂದೆ ಬಿದ್ದ ಬಡಿತಗಳು

ಪುಣೆ ಜಿಲ್ಲೆ
19 ಜೂನ್ 2024

ಅಕ್ಕಾ,

ತಲುಪಿದೆ ಎಂದು ಫೋನಿನಲ್ಲಿ ಹೇಳಿದ್ದು ಮನೆಗೆ. ಇದು ನಿನಗೆ. ಫೋನು ಅತ್ತೆಯಿಂದ ಭಾವನಿಗೆ, ಭಾವನಿಂದ ಮುರಳಿಗೆ, ಮುರಳಿಯಿಂದ ಮಗಳು ಚಂದನಳಿಗೆ ಹೋಗಿ ಕೊನೆಗೆ ನಿನ್ನ ಕೈಗೆ ಬರುವಷ್ಟರಲ್ಲಿ ‘ಊಟ ಆಯ್ತಾ’ ಎನ್ನುವುದೊಂದೇ ಉಳಿದಿರುತ್ತದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತ ವಾರಗಿತ್ತಿಯರು ಕಾಗದ ಬರೆದುಕೊಳ್ಳುವುದು ಸ್ವಲ್ಪ ವಿಚಿತ್ರವೇ. ಆದರೆ ಇಲ್ಲಿ ಆವರಣದೊಳಗೆ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಗೇಟಿನಲ್ಲೇ ಕೊಟ್ಟು ಬರಬೇಕು. ಶನಿವಾರ ಪೇಟೆಗೆ ಹೋದಾಗ ಮಾತ್ರ ಮಾತು.

ಕಾರಣ ಹೇಳುತ್ತೇನೆ. ಇಲ್ಲಿ ಬಯಲಿನಲ್ಲಿ ಮನೆಗಿಂತ ಎತ್ತರದ, ಬಟ್ಟಲುಗಳಂಥ ಆಂಟೆನಾಗಳಿವೆ. ಅವು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತವೆ. ಹಗಲಲ್ಲೂ ಕೇಳಿಸಿಕೊಳ್ಳುತ್ತವೆ. ನನ್ನ ಪಾಲಿಗೆ ಬಂದಿರುವುದು ಒಂದು ಸತ್ತ ನಕ್ಷತ್ರ. ಉರಿಯುವುದು ನಿಂತಿದೆ, ತಿರುಗುವುದು ನಿಂತಿಲ್ಲ. ಪ್ರತಿ ಸುತ್ತಿಗೂ ಅದರಿಂದ ಒಂದು ಬಡಿತ ಬರುತ್ತದೆ. ಆ ಬಡಿತ ಎಷ್ಟು ಕ್ಷೀಣವೆಂದರೆ ರಸ್ತೆಯಲ್ಲಿ ಒಂದು ಸ್ಕೂಟರ್ ಕಿಡಿ ಹಾರಿಸಿಕೊಂಡು ಹೋದರೂ ಅದರಲ್ಲಿ ಮುಚ್ಚಿಹೋಗುತ್ತದೆ. ಬಡಿತಗಳನ್ನು ಒಟ್ಟುಮಾಡಿ, ಕಸ ತೆಗೆದು, ನಕ್ಷತ್ರದ ಗುಣ ಹೇಳುವುದು ನನ್ನ ಕೆಲಸ.

ಕಳೆದ ವರ್ಷ ಬೆಂಗಳೂರಿನಲ್ಲಿ ಕ್ಲಾಸುಗಳಿದ್ದಾಗ ದಿನಾ ಸಂಜೆ ಹುತ್ತೂರಿಗೆ ಬಂದುಬಿಡುತ್ತಿದ್ದೆ. ಮನೆ ಬಿಟ್ಟಂತೆ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಮೆಸ್ಸಿನಲ್ಲಿ ನಾನು ತಟ್ಟೆ ಹಿಡಿದು ಸಾಲಿಗೆ ಬಂದರೆ ಮುಂದಿದ್ದ ಹುಡುಗ ‘ಮೇಡಂ, ಮೊದಲು ನೀವು’ ಎಂದು ಜಾಗ ಬಿಡುತ್ತಾನೆ. ಅವನೂ ನಾನೂ ಒಂದೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳು. ಮೂವತ್ತೇಳು ವರ್ಷದವಳನ್ನು ಏನೆಂದು ಕರೆಯಬೇಕೋ ಅವನಿಗೂ ತಿಳಿಯದು.

ಅಕ್ಟೋಬರಿನಲ್ಲಿ ಒಂದು ಸಮಿತಿ ಕೂರುತ್ತದೆ. ಅವರು ಒಪ್ಪಿದರೆ ಓದು ಮುಂದುವರಿಯುತ್ತದೆ. ಒಪ್ಪದಿದ್ದರೆ ಮರ್ಯಾದೆಯಿಂದಲೇ ವಾಪಸ್ಸು ಕಳಿಸುತ್ತಾರೆ. ನಾನು ಪಾಠ ಮಾಡುವ ಕಾಲೇಜು ಕೊಟ್ಟ ರಜೆಯೂ ಅಲ್ಲಿಗೆ ಮುಗಿಯುತ್ತದೆ. ಎರಡನೇ ಸಲ ಯಾರೂ ರಜೆ ಕೊಡುವುದಿಲ್ಲ.

ನಾನು ಓದಲು ಹೋಗುತ್ತೇನೆ ಎಂದ ದಿನ ಮನೆಯಲ್ಲಿ ಎಲ್ಲರೂ, ಕೈಹಿಡಿದ ಮುರಳಿಯೂ ಸೇರಿ, ಊಟದ ತಟ್ಟೆ ನೋಡುತ್ತ ಕೂತರು. ನೀನು ಮುದ್ದೆ ಕಟ್ಟುತ್ತ, ತಿರುಗಿಯೂ ನೋಡದೆ, ‘ಹೋಗ್ಲಿ ಬಿಡಿ, ಚಂದನಾನ ನಾನು ನೋಡ್ಕೋತೀನಿ’ ಎಂದೆ. ಅವತ್ತು ನಾನು ನಿನಗೆ ಏನೂ ಹೇಳಲಿಲ್ಲ. ಈಗ ಹೇಳಲು ಕೂತರೂ ವಾಕ್ಯ ಸಿಗುತ್ತಿಲ್ಲ.

ರೇಷ್ಮೆ ಹುಳುಗಳು ಹೇಗಿವೆ?

ಪವಿತ್ರ


ಹುತ್ತೂರು
2 ಜುಲೈ 2024

ಪವಿತ್ರಾಗೆ,

ನಿನ್ ಕಾಗದ ಬಂತು. ಪೋಸ್ಟ್‌ಮನ್ನು ‘ಏನಮ್ಮಾ ಮುನಿಶಾಮಮ್ಮ, ನಿಮ್ಮನೆಗೆ ಆಧಾರ್ ಕಾರ್ಡ್ ಬಿಟ್ರೆ ಬೇರೆ ಏನೂ ಬಂದಿದ್ದೇ ನಾನು ಕಾಣೆ’ ಅಂದ. ನಾನು ಓದಿರೋದು ಏಳನೇ ಕ್ಲಾಸು. ಅದೂ ಮುಳಬಾಗಿಲು ಕಡೆ, ಮನೇಲೆಲ್ಲಾ ತೆಲುಗು. ತಪ್ಪಿದ್ರೆ ತಿದ್ಕೊಂಡು ಓದ್ಕೋ. ಮಾರ್ಕ್ಸ್ ಹಾಕಿ ವಾಪಸ್ ಕಳಿಸಬೇಡ.

ಹುಳ ನಾಲ್ಕನೇ ಜ್ವರದಿಂದ ಎದ್ದವೆ. ಜ್ವರ ಅಂದ್ರೆ ಕಾಯಿಲೆ ಅಲ್ಲ, ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಸುಮ್ನೆ ಕೂರೋದು ಅಂತ ನಿನ್ ಜೊತೆ ಹುಡುಗ್ರಿಗೆ ಹೇಳು. ಅವ್ರು ಹೆದರ್ಕೊಂಡಾರು. ಈಗ ಎಷ್ಟ್ ಸೊಪ್ಪು ಹಾಕಿದ್ರೂ ಸಾಲದು. ನಿನ್ ಭಾವ ಸೊಪ್ಪು ಹೊತ್ತು ಹೊತ್ತು ‘ಇದಕ್ಕಿಂತ ಆನೆ ಸಾಕಬಹುದಿತ್ತು’ ಅಂತವ್ರೆ. ನೀನಿದ್ದಾಗ ಒಂದು ಕಡೆ ಹುಳದ ತಟ್ಟೆ ನೀನು ನೋಡ್ತಿದ್ದೆ. ಈಗ ಎರಡೂ ಕಡೆ ನಾನೇ. ಅದಕ್ಕೇನು, ಕೈ ಎರಡು ಅವೆ.

ಅತ್ತೆ ಹೋದೋರು ಬಂದೋರಿಗೆಲ್ಲಾ ನಿನ್ ವಿಷಯ ಹೇಳ್ತವ್ರೆ. ‘ನಕ್ಷತ್ರ ನೋಡೋಕೆ ಅಷ್ಟ್ ದೂರ ಯಾಕ್ ಹೋಗ್ಬೇಕು, ನಮ್ ಮಾಳಿಗೆ ಮೇಲೆ ಕಾಣಲ್ವಾ’ ಅಂದ್ರು. ‘ಅತ್ತೆ, ಅಲ್ಲಿ ನೋಡಲ್ವಂತೆ, ಕೇಳೋದಂತೆ’ ಅಂದೆ. ‘ಕೇಳೋದಾದ್ರೆ ನಂಗೆ ಬೇಡ, ನಂಗೆ ಎಡಗಿವಿ ಕೇಳ್ಸಲ್ಲ’ ಅಂದ್ರು. ಯಾರೋ ಇವ್ರನ್ನ ಕರೆದಂಗೆ.

ಚಂದನ ನನ್ ಪಕ್ಕಾನೇ ಮಲಗ್ತಾಳೆ. ನಿದ್ದೇಲಿ ಒದೀತಾಳೆ. ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಶ್ರೀನಿವಾಸಪುರದಿಂದ ನಮ್ ಸೋದರತ್ತೆ ಮನೆಯವ್ರು ಬಾದಾಮಿ ಮಾವು ಕಳಿಸಿದ್ರು. ನಿನ್ ಪಾಲು ಅವಳೇ ತಿಂದ್ಲು. ‘ಅಮ್ಮ ಬರೋ ಹೊತ್ಗೆ ಕೊಳೆತೋಗ್ತವೆ ದೊಡ್ಡಮ್ಮ’ ಅಂತ ನ್ಯಾಯ ಬೇರೆ.

ನೀನು ಏನೂ ಹೇಳ್ಬೇಕಾಗಿಲ್ಲ. ಓದು.

ಮುನಿಶಾಮಮ್ಮ


ಪುಣೆ ಜಿಲ್ಲೆ
7 ಆಗಸ್ಟ್ 2024

ಅಕ್ಕಾ,

ಇಲ್ಲಿಯ ಊರಿನವರೂ ಟೊಮ್ಯಾಟೊ ಬೆಳೆಯುತ್ತಾರೆ. ಶನಿವಾರದ ಪೇಟೆಯಲ್ಲಿ ಕ್ರೇಟುಗಳ ಸಾಲು ನೋಡಿ ಒಂದು ಕ್ಷಣ ಕೋಲಾರದ ಮಂಡಿಯಲ್ಲಿ ನಿಂತಂತಾಯಿತು. ಭಾಷೆ ಬೇರೆ, ಬೈಗುಳದ ಧಾಟಿ ಅದೇ.

ಕೆಲಸ ಚೆನ್ನಾಗಿ ನಡೆದಿದೆ. ಬಡಿತಗಳು ಒಂದರ ಕೆಳಗೊಂದು ಗೆರೆಗಳಾಗಿ ಪರದೆಯ ಮೇಲೆ ಬರುತ್ತವೆ. ಹೆಚ್ಚಿನವು ಒಂದೇ ಕಡೆ ಒಂದೇ ಎತ್ತರಕ್ಕೆ ಏಳುತ್ತವೆ. ನಡುನಡುವೆ ಕೆಲವು ತಡವಾಗಿ ಬರುತ್ತವೆ, ಸೊರಗಿರುತ್ತವೆ. ನಾನು ಅವನ್ನು ತೆಗೆದುಹಾಕುತ್ತ ಹೋಗುತ್ತೇನೆ. ನನ್ನ ಗೈಡ್, ನನಗಿಂತ ಎರಡೇ ವರ್ಷ ದೊಡ್ಡವರು, ಮೊನ್ನೆ ಹಿಂದೆ ನಿಂತು ನೋಡಿ ‘ಇಷ್ಟು ಬೇಗ ಹೇಗೆ ಗುರುತಿಸುತ್ತೀರಿ’ ಎಂದರು. ಅಭ್ಯಾಸ ಎಂದೆ. ಎಂಥ ಅಭ್ಯಾಸವೆಂದು ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ಮಾಲೂರಿನ ಪೇಟೆ ಬೀದಿಯಿಂದ ಮದುವೆಯಾಗಿ ಬಂದವಳು ನಾನು. ಹುಳು ಮುಟ್ಟಲು ಬೆರಳು ಬರುತ್ತಿರಲಿಲ್ಲ. ‘ಹಿಂದೆ ಬಿದ್ದ ಹುಳ ಕಂಡ ಕೂಡ್ಲೆ ಆರಿಸಿ ತೆಗಿ. ಕನಿಕರ ಪಡಬೇಡ. ಅದೊಂದ್ರಿಂದ ತಟ್ಟೆ ಎಲ್ಲಾ ಹೋಗ್ತದೆ’ ಎಂದು ನೀನು ಹೇಳಿಕೊಟ್ಟೆ. ನಾನು ಕನಿಕರಪಟ್ಟು ಅವನ್ನು ಬೇರೆ ತಟ್ಟೆಯಲ್ಲಿಟ್ಟು ಸಾಕಿದೆ. ಆ ಬೆಳೆಗೆ ಹಾಲುರೋಗ ತಗುಲಿ ಹುಳುಗಳೆಲ್ಲ ಹೋದವು. ಹೀಗಾದದ್ದು ಏಕೆಂದು ನಿನಗೆ ಗೊತ್ತಿತ್ತು. ಮನೆಯಲ್ಲಿ ನೀನು ಯಾರಿಗೂ ಹೇಳಲಿಲ್ಲ. ಆಮೇಲೆ ಆರಿಸಿ ತೆಗೆಯಲು ನನ್ನ ಕೈ ಎಂದೂ ಹಿಂಜರಿದಿಲ್ಲ. ಇಲ್ಲಿ ಕೂತು ಕೆಲಸ ಮಾಡುವುದು ಆ ಕೈಯೇ.

ಓದುತ್ತ ಓದುತ್ತ ಸೊಪ್ಪಿನ ವಾಸನೆ ಬರುತ್ತದೆ, ಅಕ್ಕ. ಇಲ್ಲಿ ಹಿಪ್ಪುನೇರಳೆ ಎಲ್ಲೂ ಇಲ್ಲ. ಮುಂದಿನ ಬೆಳೆ ಯಾವಾಗ ಇಡುತ್ತೀರಿ? ಗೂಡು ಕಟ್ಟುವ ಹೊತ್ತಿಗೆ ನಾನಿರಬೇಕಿತ್ತು.

ಪವಿತ್ರ


ಹುತ್ತೂರು
22 ಸೆಪ್ಟೆಂಬರ್ 2024

ಪವಿತ್ರಾಗೆ,

ಬರೆಯೋದು ತಡವಾಯ್ತು. ಗೌರಿಹಬ್ಬ, ಗಣೇಶ ಅಂತ ದಿನ ಹೋದ್ವು. ಇವತ್ತು ಭಾನುವಾರ, ರಜಾ. ಅದಕ್ಕೇ ಕೂತಿದ್ದೀನಿ.

ಹುಳ ಚೆನ್ನಾಗವೆ. ಸೊಪ್ಪೂ ಚೆನ್ನಾಗೈತೆ. ಮಳೆ ಆಯ್ತು. ಎಲ್ಲಾರೂ ಸೌಖ್ಯ. ಅತ್ತೆ ಕಿವಿಗೆ ಮಿಷನ್ ಹಾಕ್ಸಿದ್ವಿ, ಈಗ ನಾವು ಪಿಸುಗುಟ್ಟಂಗಿಲ್ಲ.

ದಸರಾಕ್ಕೆ ಬರ್ತೀನಿ ಅಂತ ಮುರಳಿ ಹತ್ರ ಅಂದ್ಯಂತೆ. ಬರ್ಬೇಡ. ಸಮಿತಿ ಮುಂದೆ ಇಟ್ಕೊಂಡು ಯಾರಾದ್ರೂ ಊರಿಗ್ ಬರ್ತಾರಾ? ಬಂದ್ರೆ ಎರಡು ದಿನ ಹೋಗೋಕೆ ಬರೋಕೆ, ಎರಡು ದಿನ ಚಂದನ ನಿನ್ ಸೆರಗು ಬಿಡಲ್ಲ, ಆಮೇಲೆ ಎರಡು ದಿನ ಅಳ್ತಾಳೆ. ಮುಗಿಸ್ಕೊಂಡು ಬಾ. ಮನೆ ಎಲ್ಲೂ ಹೋಗಲ್ಲ.

ಮುನಿಶಾಮಮ್ಮ


ಪುಣೆ ಜಿಲ್ಲೆ
19 ಅಕ್ಟೋಬರ್ 2024

ಅಕ್ಕಾ,

ಸಮಿತಿ ಗುರುವಾರ ಕೂತಿತ್ತು. ಮುಗಿಯಿತು. ಜನವರಿಯವರೆಗೆ ನಾನು ಇಲ್ಲೇ ಇರಬೇಕಾಗುತ್ತದೆ. ದೀಪಾವಳಿಗೂ ಬರಲಾಗುವುದಿಲ್ಲ. ಚಂದನಳಿಗೆ ನೀನೇ ಹೇಳು. ನಾನು ಫೋನಿನಲ್ಲಿ ಹೇಳಿದರೆ ಅವಳು ಸುಮ್ಮನಾಗಿಬಿಡುತ್ತಾಳೆ. ಅವಳು ಅಳುವುದಕ್ಕಿಂತ ಅದು ನನಗೆ ಕಷ್ಟ.

ಈ ಸಲ ಫೋನಿನಲ್ಲಿ ಅವಳು ‘ಹುಳ ಚೆನ್ನಾಗವೆ, ಸೊಪ್ಪೂ ಚೆನ್ನಾಗೈತೆ’ ಎಂದು ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ದೊಡ್ಡವಳಾಗುತ್ತಿದ್ದಾಳೆ.

ಇವತ್ತು ಇಷ್ಟೇ.

ಪವಿತ್ರ


ಹುತ್ತೂರು
3 ನವೆಂಬರ್ 2024

ಪವಿತ್ರಾಗೆ,

ಮುಗೀತು ಅಂತ ಓದ್ದೆ. ನಾನು ಕಾಗದ ಹಿಡ್ಕೊಂಡು ಹಿತ್ತಲಿಗೆ ಹೋಗಿ ಇನ್ನೊಂದ್ ಸಲ ಓದ್ಕೊಂಡು ಬಂದೆ. ಆಮೇಲೆ ಎಲ್ಲಾರಿಗೂ ಹೇಳ್ದೆ. ಅತ್ತೆ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ರು. ನಿನ್ ಭಾವ ಹಬ್ಬದ ದಿನ ಅಂಗಡಿ ಹತ್ರ ನಿಂತು ‘ನಮ್ಮನೇಲಿ ಒಬ್ರು ಡಾಕ್ಟ್ರಾದ್ರು’ ಅಂದ್ರಂತೆ. ಯಾರೋ ತಕ್ಷಣ ಮಂಡಿ ನೋವಿಗೆ ಏನ್ ಮಾಡ್ಬೇಕು ಅಂತ ಕೇಳಿದ್ರಂತೆ. ನಾಟಿ ಕೋಳಿ ಕಾಲಿನ ಸೂಪು ಕುಡಿ ಅಂತ ಇವ್ರೇ ಹೇಳಿ ಬಂದವ್ರೆ.

ಹೋಳಿಗೆ ಮಾಡಿ ಬೀದಿಗೆಲ್ಲಾ ಕೊಟ್ಟೆ. ಪಕ್ಕದ ತೋಟದ ಭೀಮರಾಜನ ಮನೆಗೂ ಕೊಟ್ಟೆ. ಜನವರಿಗೆ ಬಂದಾಗ ನೀನು ಒಂದೊಂದು ಮನೆಗೂ ಹೋಗಿ ಬರ್ಬೇಕು, ಈಗ್ಲೇ ಹೇಳಿದ್ದೀನಿ.

ಚಂದನ ಸುಮ್ನೇನೂ ಆಗ್ಲಿಲ್ಲ. ‘ಪಾಸಾದ್ಮೇಲೂ ಯಾಕಿರ್ಬೇಕು?’ ಅಂದ್ಲು. ನಂಗೂ ಗೊತ್ತಾಗ್ಲಿಲ್ಲ. ‘ದೊಡ್ಡ ಪಾಸು ಅಂದ್ರೆ ಹಂಗೇ’ ಅಂದೆ.

ಮುನಿಶಾಮಮ್ಮ


ಪುಣೆ ಜಿಲ್ಲೆ
14 ನವೆಂಬರ್ 2024

ಅಕ್ಕಾ,

ಹೋಳಿಗೆಯ ಸುದ್ದಿ ಓದಿದ ಮೇಲೆ ಇದನ್ನು ಬರೆಯದಿರಲು ಆಗುವುದಿಲ್ಲ. ನಾನು ಪಾಸಾಗಿಲ್ಲ. ಮುಗಿಯಿತು ಎಂದು ಬರೆದದ್ದು ಸಭೆ ಮುಗಿದದ್ದನ್ನು. ನೀನು ಹೇಗೆ ಓದಿಕೊಳ್ಳುತ್ತೀಯೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ತಡೆಯಲಿಲ್ಲ. ಎರಡು ವಾರ ಯಾರಾದರೂ ಸಂತೋಷವಾಗಿರಲಿ ಎನ್ನಿಸಿತೋ ಏನೋ.

ನಡೆದದ್ದು ಇಷ್ಟು. ನಾನು ಚಿತ್ರಗಳನ್ನು ತೋರಿಸಿದೆ. ಬಡಿತಗಳು ಒಂದರ ಕೆಳಗೊಂದು, ನೇಯ್ದ ಬಟ್ಟೆಯ ಹಾಗೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ತುಂಬ ಹೊತ್ತು ನೋಡಿ, ‘ಇಷ್ಟು ಶಿಸ್ತಿನ ನಕ್ಷತ್ರವನ್ನು ನಾನು ನೋಡಿಲ್ಲ. ನೀವು ತೆಗೆದದ್ದೇನು?’ ಎಂದರು. ತಡವಾಗಿ ಬಂದವನ್ನು, ಸೊರಗಿದವನ್ನು ಎಂದೆ. ಯಾಕೆ ತೆಗೆದಿರಿ ಎಂದರು. ಯಂತ್ರದ ದೋಷವೋ ರಸ್ತೆಯ ಕಿಡಿಯೋ ಎಂದು ಪರೀಕ್ಷಿಸಿ ತೆಗೆದದ್ದಲ್ಲ. ಉಳಿದವುಗಳ ಜೊತೆ ಬರಲಿಲ್ಲ, ಅದಕ್ಕೆ ತೆಗೆದೆ.

ಆ ತಡವಾದ ಬಡಿತಗಳು ನಕ್ಷತ್ರದವೇ ಆಗಿದ್ದರೆ, ನಾನು ಇಷ್ಟು ತಿಂಗಳೂ ನಕ್ಷತ್ರವನ್ನೇ ಆರಿಸಿ ಎಸೆದಿದ್ದೇನೆ. ಮೂಲ ದಾಖಲೆ ವೀಕ್ಷಣಾಲಯದಲ್ಲಿದೆ. ಮೊದಲಿನಿಂದ ಮಾಡಬೇಕು. ಜನವರಿಯಲ್ಲಿ ಮತ್ತೊಮ್ಮೆ ಕೂರುತ್ತಾರೆ, ಅದೇ ಕೊನೆ. ಆಗಲೂ ಒಪ್ಪದಿದ್ದರೆ ಹೊರಟುಬರಬೇಕು.

ನಿನ್ನಿಂದ ಕಲಿತ ಕೈ ಎಂದು ಹಿಂದೆ ಬರೆದಿದ್ದೆ. ಅದೇ ಕೈ ಇಲ್ಲಿ ನನ್ನನ್ನು ಹೀಗೆ ನಿಲ್ಲಿಸಿದೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ಮುರಳಿಗೂ ಇಲ್ಲ.

ಪವಿತ್ರ


ಪುಣೆ ಜಿಲ್ಲೆ
10 ಡಿಸೆಂಬರ್ 2024

ಅಕ್ಕಾ,

ನಿನ್ನ ಕಾಗದ ಬಂದಿಲ್ಲ. ಶನಿವಾರ ಫೋನು ನಿನ್ನ ಕೈಗೆ ಬರುವ ಮುಂಚೆಯೇ ಕಟ್ಟಾಗುತ್ತಿದೆ. ಎರಡು ಸಲವಾದರೆ ನೆಟ್‌ವರ್ಕ್ ಎನ್ನಬಹುದು. ಪ್ರತಿ ಸಲವೂ ಆಗುತ್ತಿದೆ.

ನಾನು ಬರೆದದ್ದನ್ನು ಮತ್ತೆ ನೆನಪಿಸಿಕೊಂಡೆ. ‘ಅದೇ ಕೈ ನನ್ನನ್ನು ಹೀಗೆ ನಿಲ್ಲಿಸಿದೆ.’ ದೂರು ಹೇಳಿದ ಹಾಗಿದೆ. ನನ್ನ ಮನಸ್ಸಿನಲ್ಲಿದ್ದದ್ದು ದೂರಲ್ಲ. ಆದರೆ ವಾಕ್ಯದಲ್ಲಿ ಇದ್ದದ್ದು ಅದೇ. ಹುಳುವಿನ ಮನೆಯಲ್ಲಿ ನೀನು ಹೇಳಿದ್ದು ಸರಿಯಾಗಿತ್ತು. ಅದನ್ನು ಇಲ್ಲಿಗೆ ಹೊತ್ತು ತಂದವಳು ನಾನು, ಯೋಚಿಸದೆ ತಂದವಳು.

ಈಗ ನನ್ನ ಕೆಲಸವೆಂದರೆ ನಾನೇ ತೆಗೆದುಹಾಕಿದ್ದನ್ನು ಒಂದೊಂದಾಗಿ ಹಿಂದಕ್ಕೆ ತಂದು ಕೂರಿಸಿ ನೋಡುವುದು. ದಿನವಿಡೀ ಇದನ್ನೇ ಮಾಡುತ್ತ ಇದ್ದರೆ ಬೇರೆ ಕಡೆಯೂ ಕಣ್ಣು ಹಾಗೆಯೇ ಹೋಗುತ್ತದೆ. ನಿನ್ನೆ ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ. ಸೆಪ್ಟೆಂಬರಿನದರಲ್ಲಿ ‘ಇವತ್ತು ಭಾನುವಾರ, ರಜಾ’ ಎಂದಿದೆ. ಆಗಲೂ ಓದಿದ್ದೆ. ಅಕ್ಕ ಏನೋ ಬರೆದಿದ್ದಾಳೆಂದು ನಕ್ಕು ಮುಂದಕ್ಕೆ ಹೋದೆ. ಹುಳುವಿಗೆ ಎಲ್ಲಿಯ ಭಾನುವಾರ? ಹುಳು ಮನೆಯಲ್ಲಿರುವಾಗ ನಿನಗೆ ರಜಾ ಎಂಬ ಮಾತೇ ಇರಲಿಲ್ಲ. ನಿನ್ನ ತಮ್ಮನ ಮದುವೆಗೂ ಮುಹೂರ್ತಕ್ಕೆ ಹೋಗಿ ಊಟಕ್ಕೆ ನಿಲ್ಲದೆ ಬಂದವಳು ನೀನು. ಅದೇ ಕಾಗದದಲ್ಲಿ ಹುಳುವಿನ ಬಗ್ಗೆ ಒಂದೇ ಸಾಲಿದೆ. ಫೋನಿನಲ್ಲಿ ಚಂದನ ಒಪ್ಪಿಸಿದ್ದು ಅದೇ ಸಾಲನ್ನು, ಒಂದಕ್ಷರ ತಪ್ಪದೆ.

ಸಾಕಾಣಿಕೆ ಮನೆಗೆ ಏನಾಯಿತು?

ಸುಮ್ಮನಿರಬೇಡ. ನಾನು ಬಂದದ್ದರಿಂದ ಅಲ್ಲಿ ಏನಾದರೂ ಕೆಟ್ಟಿದ್ದರೆ ಜನವರಿಯವರೆಗೆ ಕಾಯುವುದಿಲ್ಲ. ಎಲ್ಲವನ್ನೂ ಬಿಟ್ಟು ಹೊರಟುಬರುತ್ತೇನೆ. ಇದು ಕೋಪದ ಮಾತಲ್ಲ. ಇಪ್ಪತ್ತೆಂಟರೊಳಗೆ ನಿನ್ನ ಉತ್ತರ ಬರದಿದ್ದರೆ ಟಿಕೆಟ್ ತೆಗೆಸುತ್ತೇನೆ.

ಪವಿತ್ರ


ಹುತ್ತೂರು
22 ಡಿಸೆಂಬರ್ 2024

ಪವಿತ್ರಾಗೆ,

ಟಿಕೆಟ್ ತೆಗೆಸ್ಬೇಡ. ಮೊದ್ಲು ಅದು. ಇದನ್ನ ಸ್ಪೀಡ್ ಪೋಸ್ಟಲ್ಲಿ ಹಾಕ್ತಿದ್ದೀನಿ.

ನಿನ್ ನವೆಂಬರ್ ಕಾಗದ ಓದಿ ನಂಗೆ ಕೋಪ ಬಂತು. ಸುಳ್ಳು ಯಾಕೆ. ಹುಳದ ವಿಷಯ ಹೇಳ್ಕೊಟ್ರೆ ಅದನ್ನ ತಗೊಂಡೋಗಿ ಆಕಾಶಕ್ಕೆ ಹಾಕೋದಾ? ನಕ್ಷತ್ರಾನ ಆರಿಸಿ ಎಸಿ ಅಂತ ನಾನ್ ಹೇಳಿದ್ನಾ? ಹಿಂಗಂತ ಎರಡು ದಿನ ಮನಸ್ನಲ್ಲೇ ನಿನ್ ಜೊತೆ ಜಗಳ ಆಡ್ದೆ. ಆಮೇಲೆ ಕೋಪ ಹೋಯ್ತು, ಭಯ ಉಳ್ಕೊಂತು. ನನ್ನಿಂದ್ಲೇ ಇವಳ ಓದು ಹೋಯ್ತಾ ಅಂತ. ಅದಕ್ಕೇ ಬರೀಲಿಲ್ಲ. ಫೋನ್ ಕಟ್ ಮಾಡ್ತಿದ್ದೋಳೂ ನಾನೇ.

ಈಗ ನಿನ್ ಪ್ರಶ್ನೆಗೆ. ಹುಳ ಇಲ್ಲ. ಆಗಸ್ಟಲ್ಲೇ ಹೋದ್ವು. ಭೀಮರಾಜ ಟೊಮ್ಯಾಟೊಗೆ ಔಷಧಿ ಹೊಡ್ದ ದಿನ ಗಾಳಿ ನಮ್ ತೋಟದ ಕಡೆ ಇತ್ತು. ಸೊಪ್ಪಲ್ಲಿ ಅದು ಗೊತ್ತಾಗ್ಲಿಲ್ಲ. ನಾನೇ ನನ್ ಕೈಯಾರೆ ಹಾಕ್ದೆ. ಬೆಳಿಗ್ಗೆ ನೋಡಿದ್ರೆ ತಲೆ ಎತ್ತಿ ಎತ್ತಿ ಆಡಿಸ್ತಾ ಇದ್ವು, ಮಧ್ಯಾಹ್ನಕ್ಕೆ ಎಲ್ಲಾ ಸುಮ್ಮನಾದ್ವು. ಆರಿಸೋಕೆ ಒಂದೂ ಉಳೀಲಿಲ್ಲ.

ಭೀಮರಾಜ ಓಡ್ಬಂದ. ಬಂದೋನು ಬಾಗಿಲಲ್ಲೇ ನಿಂತ. ಹೊರಗಿನೋರು ಹುಳದ ಮನೆ ಒಳಗೆ ಕಾಲಿಡ್ಬಾರ್ದು ಅಂತ ಊರಲ್ಲಿ ಎಲ್ಲಾರಿಗೂ ಗೊತ್ತಲ್ಲ. ಒಳಗೆ ಒಂದು ಹುಳಾನೂ ಬದುಕಿಲ್ಲ, ಇವನು ಚಪ್ಪಲಿ ಬಿಟ್ಟು, ರೋಗ ತಡೆಯೋ ಸುಣ್ಣದ ಪುಡಿ ಮೇಲೆ ಕಾಲಿಟ್ಟು, ಹೊಸ್ತಿಲಾಚೆ ನಿಂತವ್ನೆ. ‘ಬಾರೋ ಭೀಮಣ್ಣ, ಇನ್ನೇನೈತೆ ಕಾಪಾಡೋಕೆ’ ಅಂದೆ. ಆಗ್ಲೂ ಬರ್ಲಿಲ್ಲ. ಅಲ್ಲೇ ನಿಂತು ಅತ್ತ. ಅವನ ಮೇಲೆ ಕೋಪ ಮಾಡ್ಕೊಳ್ಳೋಕೆ ನಂಗೆ ಆಗ್ಲೇ ಇಲ್ಲ.

ಎಲ್ಲಾ ಕಡೆ ಟೊಮ್ಯಾಟೊ ಆಗೋಯ್ತು. ಇವತ್ತು ಅವನು, ನಾಳೆ ಇನ್ನೊಬ್ರು. ನಿನ್ ಭಾವನೂ ನಾನೂ ಕೂತು ಮಾತಾಡಿ ಬಾಗಿಲು ಹಾಕಿದ್ವಿ. ಇವ್ರು ರಾಗಿ, ತರಕಾರಿ ನೋಡ್ಕೊಂತಾರೆ. ನಾನು ವೇಮಗಲ್‌ಗೆ ಹೋಗ್ತಿದ್ದೀನಿ, ಫ್ಯಾಕ್ಟರಿಗೆ. ಕೇಳಿ ನಕ್ಕೋಬೇಡ. ರಬ್ಬರ್ ಉಂಗುರ ಬರ್ತವೆ, ಸರಿ ಇಲ್ಲದ್ದನ್ನ ಆರಿಸಿ ತೆಗೀಬೇಕು. ಕೂತ್ಕೊಂಡೇ ಮಾಡೋ ಕೆಲಸ. ತಲೆಗೆ ಟೋಪಿ ಹಾಕ್ತಾರೆ. ಸೂಪರ್‌ವೈಸರು ಆಶಾರಾಣಿ ಅಂತ, ಮೊನ್ನೆ ಮೊನ್ನೆ ಡಿಪ್ಲೊಮಾ ಮುಗಿಸಿರೋ ಹುಡ್ಗಿ. ‘ಆಂಟಿ, ಸ್ಪೀಡು’ ಅಂತಾಳೆ. ‘ತಡಿಯಮ್ಮ ತಾಯಿ, ಉಂಗುರ ಓಡೋಗಲ್ಲ’ ಅಂತೀನಿ. ವ್ಯಾನು ಬಾಗಿಲಿಗೆ ಬರ್ತದೆ. ಸಾಯಂಕಾಲ ಬಂದ್ಮೇಲೆ ಕೆಲಸ ಮನೆಗೆ ಬರಲ್ಲ, ಅಲ್ಲೇ ಇರ್ತದೆ. ಹಿಂಗೂ ಒಂದು ಬದುಕು ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಯಾರೂ ಹೇಳ್ಬೇಡಿ ಅಂತ ನಾನೇ ಕಟ್ಟು ಮಾಡಿದ್ದು. ಚಂದನಾಗೆ ಸಾಲು ಕಲಿಸಿದ್ದೂ ನಾನೇ. ನಿಂಗೆ ಗೊತ್ತಾದ್ರೆ ‘ನಾನಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ’ ಅಂತ ಚೀಲ ಹಿಡ್ಕೊಂಡು ಬರ್ತೀಯ. ನೀನಿದ್ದಿದ್ರೆ ಗಾಳಿ ಬೇರೆ ಕಡೆ ಬೀಸ್ತಿತ್ತಾ? ನೀನಿದ್ದಿದ್ರೆ ಇಬ್ರೂ ಕೂತು ಅಳ್ತಿದ್ವಿ, ಅಷ್ಟೇ.

ನನ್ನಿಂದ ನಿನ್ ಓದು ಹೋಗಿಲ್ಲ ಅಂತ ನಂಗೆ ತೋರಿಸ್ಬೇಕು ಅಂದ್ರೆ ಅಲ್ಲೇ ಇದ್ದು ಮುಗಿಸು. ಬಂದ್ರೆ ಹೋಯ್ತು ಅಂತಾನೇ ನಾನ್ ತಿಳ್ಕೊಂತೀನಿ.

ಮುನಿಶಾಮಮ್ಮ


ಪುಣೆ ಜಿಲ್ಲೆ
24 ಜನವರಿ 2025

ಅಕ್ಕಾ,

ಈ ಸಲ ಮೊದಲ ಸಾಲಿನಲ್ಲೇ ಹೇಳುತ್ತೇನೆ, ತಪ್ಪಾಗಿ ಓದಲು ಜಾಗವಿಲ್ಲದಂತೆ. ಸಮಿತಿ ಒಪ್ಪಿತು. ನನ್ನ ಪಿಎಚ್‌ಡಿ ಮುಂದುವರಿಯುತ್ತದೆ. ಡಾಕ್ಟರಾಗಿಲ್ಲ. ಭಾವ ಅಂಗಡಿಯ ಹತ್ತಿರ ಅವಸರಪಡುವುದು ಬೇಡ.

ನಿನ್ನ ಕಾಗದ ಬಂದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಆಂಟೆನಾಗಳ ಬೇಲಿಯುದ್ದಕ್ಕೂ ನಡೆದೆ. ಸತ್ತ ಹುಳುಗಳ ಮನೆಯ ಹೊಸ್ತಿಲಾಚೆ ನಿಂತ ಭೀಮರಾಜನನ್ನು ಬಿಟ್ಟು ಬೇರೇನೂ ಯೋಚಿಸಲಾಗಲಿಲ್ಲ. ನಾನು ವಾಸನೆ, ಗೂಡು ಎಂದು ನಿನಗೆ ಬರೆಯುತ್ತಿದ್ದ ದಿನಗಳಲ್ಲೇ ನೀನು ಆ ತಟ್ಟೆಗಳನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಸೇರಿಸುತ್ತಿದ್ದೆ. ನನ್ನ ಕಾಗದ ಓದಿಕೊಂಡೂ ನೀನು ನನಗೆ ‘ಸೊಪ್ಪು ಚೆನ್ನಾಗೈತೆ’ ಎಂದು ಬರೆದೆ. ಇದಕ್ಕೆ ಏನನ್ನಬೇಕು? ಸುಳ್ಳು ಎಂದರೆ ಸಾಲದು. ಮರುದಿನ ಮತ್ತೆ ಕೆಲಸಕ್ಕೆ ಕೂತೆ.

ತಡವಾದ ಬಡಿತಗಳು ನಕ್ಷತ್ರದವೇ. ಆ ನಕ್ಷತ್ರಕ್ಕೆ ಎರಡು ನಡೆಗಳಿವೆ. ಬಹಳ ಹೊತ್ತು ಒಂದು ನಡೆಯಲ್ಲಿ ತಿರುಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಇನ್ನೊಂದಕ್ಕೆ ಹೋಗಿ ಕೆಲವು ಸುತ್ತು ಇದ್ದು ಹಿಂದಿರುಗುತ್ತದೆ. ಬೇರೆ ಕೆಲವು ನಕ್ಷತ್ರಗಳಲ್ಲೂ ಹೀಗೆ ಕಂಡಿದ್ದಾರೆ, ಇದರಲ್ಲಿ ಕಂಡಿರಲಿಲ್ಲ. ಗೈಡ್ ಒಂದು ಮಾತು ಹೇಳಿದರು. ನಾನು ತೆಗೆದದ್ದರಲ್ಲಿ ಬೇರೆ ಕಸ ಸೇರಿರಲಿಲ್ಲವಂತೆ. ಒಂದೇ ಬಗೆಯದನ್ನು, ಒಂದನ್ನೂ ಬಿಡದೆ ಆರಿಸಿದ್ದೆ. ಅದರಿಂದಾಗಿ ಎರಡನೆಯ ನಡೆ ಎಲ್ಲೆಲ್ಲಿದೆ ಎಂದು ಹೊಸದಾಗಿ ಹುಡುಕಬೇಕಾಗಲಿಲ್ಲ. ‘ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವುದನ್ನು ಎಲ್ಲಿ ಕಲಿತಿರಿ’ ಎಂದು ನಕ್ಕರು. ಈ ಸಲ ಹೇಳಿದೆ. ಹುತ್ತೂರಿನಲ್ಲಿ, ನನ್ನ ವಾರಗಿತ್ತಿಯ ಹತ್ತಿರ ಎಂದೆ. ಪೂರ್ತಿ ಹೇಳಿದೆ, ಹಾಲುರೋಗದಿಂದ ಹಿಡಿದು. ಅವರು ನಗುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

ಇನ್ನು ಎರಡು ವರ್ಷ. ಬರೆಯಲು ಕೈ ಹಿಂಜರಿಯುತ್ತದೆ. ಎರಡು ವರ್ಷ ಚಂದನ ನಿನ್ನ ಪಕ್ಕದಲ್ಲಿ ಒದೆಯುತ್ತ ಮಲಗುವುದು, ಎರಡು ವರ್ಷ ವ್ಯಾನಿನಿಂದ ಇಳಿದು ಬಂದು ನೀನು ಒಲೆಯ ಮುಂದೆ ನಿಲ್ಲುವುದು. ಫೆಬ್ರವರಿಯಲ್ಲಿ ಒಂದು ವಾರ ಬರಬೇಕೆಂದಿದ್ದೆ. ಆದರೆ ಅದೇ ತಿಂಗಳು ಆಂಟೆನಾದ ಸಮಯ ನನಗೆ ಸಿಕ್ಕಿದೆ. ಸಿಕ್ಕಿದ್ದನ್ನು ಬಿಟ್ಟರೆ ಮತ್ತೆ ಯಾವಾಗಲೋ. ಬಿಡಬಾರದೆಂದು ನೀನು ಹೇಳುತ್ತೀಯೆಂದು ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ.

ಮೊದಲ ಕಾಗದದಲ್ಲಿ ಸಿಗದಿದ್ದ ವಾಕ್ಯ ಈಗಲೂ ಸಿಕ್ಕಿಲ್ಲ. ಅದು ಇಲ್ಲದೆಯೇ ಈ ಕಾಗದ ಮುಗಿಸುತ್ತೇನೆ.

ಪವಿತ್ರ


ಹುತ್ತೂರು
9 ಫೆಬ್ರವರಿ 2025

ಪವಿತ್ರಾಗೆ,

ಈ ಸಲ ಹೋಳಿಗೆ ಮಾಡ್ಲಿಲ್ಲ. ಬೀದಿಯವ್ರು ‘ಹೋದ್ಸಲಾನೇ ಪಾಸಾದ್ಲಲ್ಲಾ, ಇದ್ಯಾವ್ದು’ ಅಂತಾರೆ. ಕೇಸರಿಬಾತ್ ಮಾಡಿ ಮನೆಯವ್ರೇ ತಿಂದ್ವಿ. ಭೀಮರಾಜನ್ನ ಮಾತ್ರ ಕರ್ದೆ. ಅಡುಗೆಮನೆ ತನಕ ಬಂದ.

ಎರಡು ವರ್ಷ ಅಂದ್ರೆ ಎರಡು ವರ್ಷ. ಅತ್ತೆ ‘ಅಷ್ಟ್ರಲ್ಲಿ ನಾನಿರ್ತೀನೋ ಇಲ್ವೋ’ ಅಂದ್ರು. ‘ಕಿವಿ ಮಿಷನ್‌ಗೆ ಮೂರು ವರ್ಷ ಗ್ಯಾರಂಟಿ ಐತೆ, ಅಲ್ಲಿ ತನಕ ನೀವೂ ಇರ್ಬೇಕು’ ಅಂದ ಮುರಳಿ. ಅವರಿಗೆ ಎಲ್ಲಾ ಸ್ಪಷ್ಟವಾಗಿ ಕೇಳಿಸ್ತು. ಅವನ ಜೊತೆ ಮೂರು ದಿನ ಮಾತು ಬಿಟ್ರು.

ನೀನು ಬರೋದು ಬೇಡ. ಸಿಕ್ಕಿದ್ದು ಬಿಡ್ಬೇಡ. ನಾನೇ ಬರ್ತೀನಿ.

ಓದಿದ್ದು ಸರಿಯಾಗೇ ಐತೆ, ನಾನೇ ಬರ್ತೀನಿ. ಫ್ಯಾಕ್ಟರೀಲಿ ವರ್ಷಕ್ಕೆ ಇಷ್ಟು ಅಂತ ರಜಾ ಕೊಡ್ತಾರೆ. ಕೇಳಿದ್ರೆ ಯಾಕೆ ಅಂತ ಕೂಡ ಕೇಳಲ್ಲ. ಆಶಾರಾಣಿ ‘ಆಂಟಿ, ಎಲ್ಲಿಗೆ ಟೂರು?’ ಅಂದ್ಲು. ‘ಟೂರಲ್ಲ ಕಣಮ್ಮ, ನನ್ ವಾರಗಿತ್ತಿ ಹತ್ರ ಹೋಗ್ತಿದ್ದೀನಿ’ ಅಂದೆ. ‘ವಾರಗಿತ್ತಿ ನೋಡೋಕೆ ರಜಾ ಹಾಕ್ತಾರಾ ಯಾರಾದ್ರೂ?’ ಅಂತ ಅವಳಿಗೆ ಆಶ್ಚರ್ಯ. ಅವಳಿಗೆ ಇನ್ನೂ ಮದ್ವೆ ಆಗಿಲ್ಲ.

ನಾನು ಈ ಮನೆಗೆ ಬಂದ ಮೇಲೆ ಬೇರೆ ಕಡೆ ಒಂದು ರಾತ್ರಿ ಮಲಗಿಲ್ಲ ಪವಿತ್ರ. ಮುಳಬಾಗಿಲಿಗೆ ಅಮ್ಮನ್ನ ನೋಡೋಕೆ ಹೋದ್ರೂ ಸಾಯಂಕಾಲ ಸೊಪ್ಪು ಹಾಕೋ ಹೊತ್ತಿಗೆ ವಾಪಸ್. ಅಮ್ಮ ಹೋಗೋ ಮುಂಚೆ ‘ಒಂದಿನ ಇರೇ’ ಅಂತ ಕೇಳಿದ್ಲು, ಅದೂ ಆಗ್ಲಿಲ್ಲ. ಹುಳ ಹೋದಾಗ ಎಲ್ಲಾ ಹೋಯ್ತು ಅನ್ಕೊಂಡಿದ್ದೆ. ಹೋದ್ಮೇಲೆ ನಂಗೆ ಇದು ಸಿಕ್ತು. ಸಂತೋಷ ಪಡ್ಬೋದಾ ಅಂತ ಯೋಚ್ನೆ ಮಾಡ್ತಾ ಮಾಡ್ತಾ ಸಂತೋಷ ಪಟ್ಬಿಟ್ಟೆ.

ಚಂದನಾಗೆ ಪರೀಕ್ಷೆ ಐತೆ. ಅವಳನ್ನ ಬೇಸಿಗೇಲಿ ಮುರಳಿ ಕರ್ಕೊಂಡು ಬರ್ತಾನೆ. ಈಗ ನಾನೊಬ್ಳೇ. ಬೆಂಗ್ಳೂರಲ್ಲಿ ನಿನ್ ಭಾವ ರೈಲು ಹತ್ತಿಸ್ತಾರೆ, ಇಪ್ಪತ್ತೊಂದಕ್ಕೆ. ಕಿಟಕಿ ಪಕ್ಕದ ಸೀಟು ಹಾಕ್ಸಿದ್ದೀನಿ. ಹುಚ್ಚೆಳ್ಳು ಚಟ್ನಿಪುಡಿ, ರಾಗಿಹಿಟ್ಟು ತರ್ತೀನಿ. ನಿನ್ ಗೈಡಿಗೆ ಮುದ್ದೆ ಆಗ್ತದಾ ಕೇಳು. ನುಂಗೋದು ಹೇಗೆ ಅಂತ ನಾನು ಹೇಳ್ಕೊಡ್ತೀನಿ.

ಸ್ಟೇಷನ್‌ಗೆ ನೀನು ಬರ್ಬೇಡ. ಮರಾಠಿ ಬರಲ್ಲ ಅಂತ ಹೆದರ್ಬೇಡ. ಕನ್ನಡ ಐತೆ, ತೆಲುಗು ಐತೆ, ಎರಡೂ ಆಗ್ದಿದ್ರೆ ವಿಳಾಸ ಇರೋ ನಿನ್ ಹಳೇ ಕವರ್ ತೋರಿಸ್ತೀನಿ. ಆ ಹೊತ್ತಲ್ಲಿ ನೀನು ನಕ್ಷತ್ರಕ್ಕೆ ಕಿವಿಗೊಟ್ಟು ಕೂತಿದ್ರೆ ಕೂತೇ ಇರು, ಎದ್ದು ಬರ್ಬೇಡ. ನಾನು ನೋಡೋಕೆ ಬರ್ತಿರೋದೇ ಅದನ್ನ.

ಮುನಿಶಾಮಮ್ಮ